ಪದ್ಮ ಪ್ರಶಸ್ತಿಗೆ ಹೆಸರು ಸೂಚಿಸೋದು: ಹತ್ತು ಸಾವಿರ ಸಹಿ ಮುಖ್ಯವೋ, 800 ಪದ ಮುಖ್ಯವೋ?

ಬಯಲುಸೀಮೆ ಬಸಣ್ಣ
ವಾಟ್ಸಾಪ್‌ನಲ್ಲಿ ಒಂದು ಮನವಿ ಓಡಾಡ್ತಿದೆ. ತೊಗಲುಗೊಂಬೆ ಆಡಿಸುವ ಹಿರಿಯರೊಬ್ಬರಿಗೆ ಪದ್ಮಶ್ರೀ ಕೊಡಿಸಲು ಹತ್ತು ಸಾವಿರ ಸಹಿ ಕೂಡಿಸಬೇಕಂತೆ, ಸಂಸದರ ಪತ್ರ ಲಗತ್ತಿಸಿ ಜಿಲ್ಲಾಧಿಕಾರಿಗಳ ಕೈಗೆ ಕೊಡಬೇಕಂತೆ. ಇದರಲ್ಲಿ ತಪ್ಪೇನಿದೆ? 2019ರಲ್ಲಿ ಸಾಲುಮರದ ತಿಮ್ಮಕ್ಕ, 2020ರಲ್ಲಿ ತುಳಸಿ ಗೌಡ ಮತ್ತು ಹರೇಕಳ ಹಾಜಬ್ಬ, 2021ರಲ್ಲಿ ಮಂಜಮ್ಮ ಜೋಗತಿ, 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ, ಎಲ್ಲರಿಗೂ ಪದ್ಮಶ್ರೀ ಬಂತು. ಇವರೆಲ್ಲ ಮೊದಲು ಜನರ ಬಾಯಲ್ಲಿ ದೊಡ್ಡವರಾದವರು, ದೆಹಲಿ ಕಣ್ಣಿಗೆ ಬಿದ್ದದ್ದು ಆಮೇಲೆ. ಜನಬೆಂಬಲ ತೋರಿಸದಿದ್ದರೆ ಯಾರು ಕೇಳ್ತಾರೆ?

ಕಡತಪ್ರಿಯ
ಬಸಣ್ಣನವರೆ, ಇದು ಮತ ಎಣಿಕೆ ಅಲ್ಲ. ಸಹಿಗೆ ಅಂಕ ಇಲ್ಲ. ನಾಮನಿರ್ದೇಶನ ತಗೊಳ್ಳೋದು ರಾಷ್ಟ್ರೀಯ ಪುರಸ್ಕಾರ ಪೋರ್ಟಲಿನಲ್ಲಿ, ಆನ್‌ಲೈನ್‌ನಲ್ಲಿ ಮಾತ್ರ. ಹಾಕೋದಕ್ಕೆ ಯಾವ ಹುದ್ದೆಯೂ ಬೇಡ, ಯಾವ ನಾಗರಿಕರೂ ಹಾಕಬಹುದು. ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳೋದಕ್ಕೂ ಅವಕಾಶ ಇದೆ. ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು, ಯಾವ ಪ್ರಶಸ್ತಿ, ಯಾವ ಕ್ಷೇತ್ರ ಅಂತ ಆರಿಸಿ, ವ್ಯಕ್ತಿಯ ವಿವರ ತುಂಬಿ, ಸಾಧನೆಯನ್ನು ಗರಿಷ್ಠ 800 ಪದಗಳಲ್ಲಿ ಬರೆಯಬೇಕು. ಹೆಚ್ಚಿನ ಅರ್ಜಿಗಳು ಸೋಲೋದು ಈ 800 ಪದದಲ್ಲೇ.

ದಿನಾಂಕದ ವಿಷಯವೂ ಹೇಳಿಬಿಡ್ತೀನಿ. ಬಹಳ ವರ್ಷ ಮೇ 1ರಿಂದ ಸೆಪ್ಟೆಂಬರ್ 15ರವರೆಗೆ ಅಂತ ರೂಢಿ ಇತ್ತು. 2026ರ ಪ್ರಶಸ್ತಿಗೆ ಅದು 2025ರ ಮಾರ್ಚ್ 15ಕ್ಕೇ ಶುರುವಾಗಿ ಜುಲೈ 31ಕ್ಕೆ ಮುಗೀತು. ‘ಗಣೇಶ ಹಬ್ಬ ಕಳೀಲಿ, ಹಾಕಿದರಾಯ್ತು’ ಅಂತ ಕೂತವರಿಗೆ ಬಾಗಿಲು ಮುಚ್ಚಿತ್ತು. ಆಯಾ ವರ್ಷದ ಪ್ರಕಟಣೆ ನೋಡದೆ ಹಳೇ ದಿನಾಂಕ ನಂಬಬೇಡಿ.

ನಿಷ್ಠುರವಾದಿ
ಎಲ್ಲ ಸರಿ, ಕೊನೆಗೆ ಆರಿಸೋರು ಯಾರು? ಪ್ರಧಾನಿ ಪ್ರತಿ ವರ್ಷ ರಚಿಸುವ ಸಮಿತಿ. ಸಂಪುಟ ಕಾರ್ಯದರ್ಶಿ ಅಧ್ಯಕ್ಷರು, ಗೃಹ ಕಾರ್ಯದರ್ಶಿ, ರಾಷ್ಟ್ರಪತಿಗಳ ಕಾರ್ಯದರ್ಶಿ, ಜೊತೆಗೆ ನಾಲ್ಕರಿಂದ ಆರು ಗಣ್ಯರು. ಶಿಫಾರಸು ಹೋಗೋದು ಪ್ರಧಾನಿಗೆ ಮತ್ತು ರಾಷ್ಟ್ರಪತಿಗೆ. ಯಾಕೆ ಕೊಟ್ಟರು, ಯಾಕೆ ಬಿಟ್ಟರು ಅಂತ ಯಾರಿಗೂ ಕಾರಣ ಹೇಳಲ್ಲ. ಇಷ್ಟು ಮುಚ್ಚಿದ ಕೋಣೆಗೆ 800 ಪದ ಬರೆದು ಕಳಿಸಿ ಏನು ಫಲ? ಭಾರತ ರತ್ನಕ್ಕಂತೂ ನಾಮನಿರ್ದೇಶನದ ಗೊಡವೆಯೇ ಇಲ್ಲ, ಪ್ರಧಾನಿ ನೇರವಾಗಿ ರಾಷ್ಟ್ರಪತಿಗೆ ಶಿಫಾರಸು ಮಾಡ್ತಾರೆ. ವರ್ಷಕ್ಕೆ ಮೂರೇ ಅಂತ ಮಿತಿ ಇಟ್ಟುಕೊಂಡು 2024ರಲ್ಲಿ ಐದು ಕೊಟ್ಟರು. ನಿಯಮ ಬೇಕಾದಾಗ ಬಿಗಿ, ಬೇಡದಾಗ ಸಡಿಲ.

ಕಡತಪ್ರಿಯ
ಭಾರತ ರತ್ನದ ಬಗ್ಗೆ ನಿಮ್ಮ ಮಾತಿಗೆ ತಕರಾರಿಲ್ಲ. ಪದ್ಮದ ಲೆಕ್ಕ ಬೇರೆ. ವರ್ಷಕ್ಕೆ 120 ಮೀರಬಾರದು. ಮರಣೋತ್ತರ ಕೊಡೋದು, ವಿದೇಶೀಯರು ಮತ್ತು ಅನಿವಾಸಿಗಳಿಗೆ ಕೊಡೋದು ಈ ಮಿತಿಗೆ ಸೇರಲ್ಲ. 2025ರಲ್ಲಿ 139 ಕೊಟ್ಟರಲ್ಲ, ಮಿತಿ ಮುರಿದರು ಅಂತ ಆಗ ಗದ್ದಲ ಆಯ್ತು. ಬಿಡಿಸಿ ನೋಡಿ: 7 ಪದ್ಮವಿಭೂಷಣ, 19 ಪದ್ಮಭೂಷಣ, 113 ಪದ್ಮಶ್ರೀ. ಅದರಲ್ಲಿ ಮರಣೋತ್ತರ 13, ವಿದೇಶಿ ಮತ್ತು ಅನಿವಾಸಿ ವರ್ಗದವರು 10. ಜಪಾನಿನ ಒಸಾಮು ಸುಜುಕಿ ಥರ ಎರಡೂ ಕಡೆ ಬರುವವರನ್ನು ಒಮ್ಮೆ ಮಾತ್ರ ಕಳೆದರೂ 120ರ ಒಳಗೇ ಬರುತ್ತೆ. ಜಂಟಿಯಾಗಿ ಕೊಟ್ಟದ್ದನ್ನು ಒಂದೇ ಅಂತ ಎಣಿಸ್ತಾರೆ.

ಕೋಣೆ ಮುಚ್ಚಿದೆ, ಒಪ್ಪಿದೆ. ಆದರೆ ಒಳಗಿರುವವರ ಮೇಜಿಗೆ ಹೋಗೋದು ನೀವು ಬರೆದದ್ದೇ. ರಾಯಚೂರಿನಂಥ ಕಡೆಯ ಕಲಾವಿದರನ್ನು ಅವರು ಕಂಡಿರಲ್ಲ, ಕೇಳಿರಲ್ಲ.

ಹೊನ್ನಾವರದ ಹಕ್ಕಿ
ಜನಪದ ಕಲಾವಿದರ ಅರ್ಜಿಗಳಲ್ಲಿ ಎದ್ದು ಕಾಣುವ ದೋಷ ಒಂದೇ, ಬರೀ ಹೊಗಳಿಕೆ. ‘ಕಲಾಸೇವೆಗೆ ತಮ್ಮ ಬದುಕನ್ನೇ ಮುಡಿಪಾಗಿಟ್ಟ ಮಹಾನ್ ಚೇತನ, ನಾಡಿನ ಹೆಮ್ಮೆ, ಸರಳ ಸಜ್ಜನಿಕೆಯ ಮೂರ್ತಿ.’ ಅಭಿನಂದನಾ ಗ್ರಂಥದ ಮುನ್ನುಡಿಗೆ ಸರಿ. ಇಲ್ಲಿ ಹನ್ನೊಂದು ಪದ ನೀರಿಗೆ ಹೋಯ್ತು ಅಷ್ಟೇ.

ತೊಗಲುಗೊಂಬೆಯನ್ನೇ ತಗೊಳ್ಳಿ. ಬರೆಯಬೇಕಾದ್ದು ಇದು: ಚರ್ಮ ಹದಮಾಡೋದು, ಗೊಂಬೆ ಕೊರೆಯೋದು, ಬಣ್ಣ ಹಾಕೋದು, ಆಡಿಸೋದು, ಹಾಡೋದು, ಇದರಲ್ಲಿ ಯಾವುದನ್ನೆಲ್ಲ ಇವರೇ ಮಾಡ್ತಾರೆ? ಮನೆಯಲ್ಲಿ ಹಳೇ ಗೊಂಬೆ ಎಷ್ಟಿವೆ, ಎಷ್ಟು ತಲೆಮಾರಿನವು? ಯಾವ ಪ್ರಸಂಗಗಳು ಇವರ ಬಾಯಲ್ಲಿ ಮಾತ್ರ ಉಳಿದಿವೆ? ಯಾರ್ಯಾರಿಗೆ ಕಲಿಸಿದರು, ಅವರಲ್ಲಿ ಈಗಲೂ ಆಡಿಸೋರು ಎಷ್ಟು ಮಂದಿ? ಕೊನೆಯ ಪ್ರಶ್ನೆಗೆ ಉತ್ತರ ಮುಖ್ಯ. ನೂರು ಜನಕ್ಕೆ ಕಲಿಸಿದರು ಅನ್ನೋದಕ್ಕಿಂತ, ಆರು ಜನ ಇವತ್ತಿಗೂ ಮೇಳ ಕಟ್ಟಿಕೊಂಡು ಹೋಗ್ತಿದ್ದಾರೆ ಅನ್ನೋದು ತೂಕದ ಮಾತು.

800 ಪದ ಹಂಚಿಕೊಳ್ಳೋದಕ್ಕೆ ನನ್ನ ಸಲಹೆ: ಮೊದಲ ನೂರರಲ್ಲಿ ಯಾರು, ಏನು, ಎಲ್ಲಿ. ಮುನ್ನೂರೈವತ್ತು ಪದ ಕೆಲಸಕ್ಕೆ, ವರ್ಷ ಊರುಗಳ ಸಮೇತ. ಇನ್ನೂರು ಪದ ಅದರಿಂದ ಬೇರೆಯವರಿಗೆ ಏನಾಯ್ತು ಅನ್ನೋದಕ್ಕೆ. ಉಳಿದದ್ದು ಅಕಾಡೆಮಿ, ರಾಜ್ಯೋತ್ಸವದಂಥ ಮನ್ನಣೆಗೆ. ಊರ ಸನ್ಮಾನಗಳ ಪಟ್ಟಿ ಬೇಡ, ಐವತ್ತು ಶಾಲು ಒಂದು ಅಕಾಡೆಮಿ ಪ್ರಶಸ್ತಿಗೆ ಸಮ ಆಗಲ್ಲ. ಓದುವವರಿಗೆ ಕನ್ನಡ ಬರಲಿಕ್ಕಿಲ್ಲ. ಪತ್ರಿಕೆಯ ತುಣುಕು ಲಗತ್ತಿಸುವುದಾದರೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಎರಡು ಸಾಲಿನ ಸಾರಾಂಶ ಇರಲಿ. ಮತ್ತೆ, ನೇರವಾಗಿ ಪೋರ್ಟಲಿನಲ್ಲಿ ಟೈಪ್ ಮಾಡಬೇಡಿ. ಬೇರೆ ಕಡೆ ಬರೆದು, ಪದ ಎಣಿಸಿ, ಆಮೇಲೆ ಅಂಟಿಸಿ.

ನಿಷ್ಠುರವಾದಿ
ಹಕ್ಕಿ ಮೇಡಂ, ಇಷ್ಟು ಬರೆಯೋ ಶಕ್ತಿ ಇರೋದು ನಗರದ ಸಂಸ್ಥೆಗಳಿಗೆ, ಪಿಆರ್ ಕಂಪನಿ ಇಟ್ಟುಕೊಂಡವರಿಗೆ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತರ ಹಟ್ಟಿಯಲ್ಲಿ ಯಾರು ಬರೀತಾರೆ? ಪೋರ್ಟಲ್ ಎಲ್ಲರಿಗೂ ತೆರೆದಿದೆ ಅನ್ನೋದು ಕಾಗದದ ಮಾತು.

ಹೊನ್ನಾವರದ ಹಕ್ಕಿ
ಅದಕ್ಕೇ ಬೇರೆಯವರು ಹಾಕಬಹುದು ಅಂತ ಇಟ್ಟಿರೋದು. ಹತ್ತಿರದ ಕಾಲೇಜಿನ ಕನ್ನಡ ಮೇಷ್ಟ್ರು, ಜಾನಪದ ಅಧ್ಯಯನ ಮಾಡಿದವರು ಯಾರಾದರೂ ಒಂದು ವಾರ ಕೂತರೆ ಸಾಕು. ಆ ವಾರದಲ್ಲಿ ಆಗುವ ದಾಖಲೀಕರಣ, ಪ್ರಶಸ್ತಿ ಬರದಿದ್ದರೂ ಉಳಿಯುತ್ತೆ.

ಕಡತಪ್ರಿಯ
ಅರ್ಜಿ ಬಿದ್ದುಹೋಗುವ ಇನ್ನೊಂದಿಷ್ಟು ಕಾರಣ ಇವೆ.

ಸೇವೆಯಲ್ಲಿರುವ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳ ನೌಕರರು ಅರ್ಹರಲ್ಲ. ವೈದ್ಯರು, ವಿಜ್ಞಾನಿಗಳಿಗೆ ಮಾತ್ರ ವಿನಾಯಿತಿ. ನಮ್ಮಲ್ಲಿ ಯಕ್ಷಗಾನ, ರಂಗಭೂಮಿಯ ಎಷ್ಟೋ ಜನ ಸರ್ಕಾರಿ ಶಾಲೆ ಮೇಷ್ಟ್ರುಗಳು, ಅವರ ನಿವೃತ್ತಿಯವರೆಗೆ ಕಾಯಲೇಬೇಕು. ತೀರಿಹೋದವರ ಹೆಸರು ಹಾಕೋದರಿಂದ ಸಾಮಾನ್ಯವಾಗಿ ಪ್ರಯೋಜನ ಇಲ್ಲ, ಮರಣೋತ್ತರ ಅನ್ನೋದು ತೀರಾ ಅರ್ಹ ಪ್ರಕರಣಕ್ಕೆ ಮಾತ್ರ. ಪದ್ಮಶ್ರೀ ಬಂದವರಿಗೆ ಅದಕ್ಕಿಂತ ಮೇಲಿನ ಪದ್ಮಭೂಷಣವೋ ಪದ್ಮವಿಭೂಷಣವೋ ಕೇಳೋದಾದರೆ ಕನಿಷ್ಠ ಐದು ವರ್ಷದ ಅಂತರ ಬೇಕು, ಅದನ್ನೂ ಸಮಿತಿ ಅಪರೂಪಕ್ಕೆ ಸಡಿಲಿಸಬಹುದು. ಇನ್ನು ಕ್ಷೇತ್ರದ ಆಯ್ಕೆ. ಸೂಲಗಿತ್ತಿಯರನ್ನು ವೈದ್ಯಕೀಯಕ್ಕೆ ಹಾಕಬೇಕೋ ಸಮಾಜಸೇವೆಗೋ ಅನ್ನೋ ಗೊಂದಲ ಸಾಮಾನ್ಯ. ನೀವು ಬರೆದ ಸಾಲುಗಳಲ್ಲಿ ಹೆಚ್ಚಿನವು ಯಾವುದಕ್ಕೆ ಸಾಕ್ಷಿ ಹೇಳ್ತವೋ ಅದನ್ನೇ ಆರಿಸಿ.

ಬಯಲುಸೀಮೆ ಬಸಣ್ಣ
ರಾಜ್ಯ ಸರ್ಕಾರದ ಶಿಫಾರಸು ಇಲ್ಲದೆ ಆಗುತ್ತಾ? ಮತ್ತೆ ನಮ್ಮ ಈ ಹಿರಿಯರಿಗೆ ಹಣದ ಅಡಚಣೆ ಬಹಳ ಇದೆ. ಪ್ರಶಸ್ತಿ ಬಂದರೆ ಔಷಧಿಗಾದರೂ ಆಗುತ್ತೆ ಅಂತ ಊರವರ ಆಸೆ.

ಕಡತಪ್ರಿಯ
ರಾಜ್ಯ ತನ್ನ ಪಟ್ಟಿ ಕಳಿಸುತ್ತೆ, ಆದರೆ ಅದು ಹಲವು ದಾರಿಗಳಲ್ಲಿ ಒಂದು. ಕೇಂದ್ರದ ಇಲಾಖೆಗಳು, ಸಂಸ್ಥೆಗಳು, ನಾಗರಿಕರು ಎಲ್ಲರೂ ಕಳಿಸ್ತಾರೆ. ರಾಜ್ಯದ ಪಟ್ಟಿಯಲ್ಲಿ ಇಲ್ಲ ಅನ್ನೋದು ಅನರ್ಹತೆ ಅಲ್ಲ.

ಹಣದ ವಿಷಯದಲ್ಲಿ ಊರವರಿಗೆ ಈಗಲೇ ಹೇಳಿಬಿಡಿ, ಪದ್ಮದಲ್ಲಿ ಒಂದು ರೂಪಾಯಿ ಇಲ್ಲ. ರೈಲು, ವಿಮಾನದ ರಿಯಾಯಿತಿಯೂ ಇಲ್ಲ. ಸಿಗೋದು ರಾಷ್ಟ್ರಪತಿಗಳ ಸಹಿಯ ಸನದು ಅಂದರೆ ಪ್ರಮಾಣಪತ್ರ, ಒಂದು ಪದಕ, ಸಮಾರಂಭಗಳಲ್ಲಿ ಧರಿಸಲು ಅದರ ಒಂದು ಪ್ರತಿಕೃತಿ. ಪದಕ ಕಂಚಿನದು. ನಮ್ಮ ರಾಜ್ಯೋತ್ಸವ ಪ್ರಶಸ್ತಿಗೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನ ಇರೋದರಿಂದ ‘ದೊಡ್ಡ ಪ್ರಶಸ್ತಿ, ದೊಡ್ಡ ದುಡ್ಡು’ ಅಂತ ಜನ ಅಂದುಕೊಳ್ತಾರೆ. ಅಡಚಣೆ ಇದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿಸಿ. ಪದ್ಮಕ್ಕಿಂತ ಮೊದಲು ಆ ಕೆಲಸ.

ವಕೀಲರ ಕಟ್ಟೆ
ಬಂದರೆ ಏನು ಮಾಡಬಾರದು ಅನ್ನೋದನ್ನೂ ಸೇರಿಸ್ತೀನಿ. ಈ ಪ್ರಶಸ್ತಿಗಳು ಸಂವಿಧಾನದ 18ನೇ ವಿಧಿ ನಿಷೇಧಿಸಿರುವ ‘ಬಿರುದು’ಗಳೇ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಾಲಾಜಿ ರಾಘವನ್ ಪ್ರಕರಣದಲ್ಲಿ 1995ರ ಡಿಸೆಂಬರ್ 15ರಂದು ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಬಿರುದಲ್ಲ, ಆದರೆ ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳುವಂತಿಲ್ಲ. ಹಚ್ಚಿಕೊಂಡರೆ ಪ್ರಶಸ್ತಿ ಹೋಗುವ ಅಪಾಯ ಇದೆ. 1993ರಿಂದ 1997ರವರೆಗೆ ಪದ್ಮ ಪ್ರಶಸ್ತಿಯೇ ಇಲ್ಲದೆ ಹೋದದ್ದು ಈ ವ್ಯಾಜ್ಯದ ಕಾಲದಲ್ಲಿ. ಅದಕ್ಕೂ ಮುಂಚೆ ಮೊರಾರ್ಜಿ ದೇಸಾಯಿ ಸರ್ಕಾರ ಇದ್ದಾಗ 1978, 79ರಲ್ಲೂ ಕೊಡಲಿಲ್ಲ.

ಲೆಟರ್‌ಹೆಡ್, ಆಮಂತ್ರಣ ಪತ್ರಿಕೆ, ಪೋಸ್ಟರ್, ಪುಸ್ತಕ, ಎಲ್ಲೂ ‘ಪದ್ಮಶ್ರೀ ಇಂಥವರು’ ಅಂತ ಇರಬಾರದು. ನಮ್ಮೂರ ಫ್ಲೆಕ್ಸ್ ನೋಡಿದರೆ ಅರ್ಧ ಕರ್ನಾಟಕ ಈ ನಿಯಮ ಮುರೀತಿದೆ.

ನಿಷ್ಠುರವಾದಿ
ಫ್ಲೆಕ್ಸ್ ಹಾಕೋದು ಅಭಿಮಾನಿಗಳು. ಅದಕ್ಕೆ ಪುರಸ್ಕೃತರೇನು ಮಾಡ್ತಾರೆ? ಪ್ರಶಸ್ತಿ ಕೊಟ್ಟು ಹೇಳಿಕೊಳ್ಳಬೇಡಿ ಅನ್ನೋದು ಯಾವ ನ್ಯಾಯ?

ವಕೀಲರ ಕಟ್ಟೆ
ಹೇಳಿಕೊಳ್ಳಬೇಡಿ ಅಂತಲ್ಲ, ಹೆಸರಿಗೆ ಅಂಟಿಸಬೇಡಿ ಅಂತ. ಪರಿಚಯದಲ್ಲಿ ‘2021ರಲ್ಲಿ ಪದ್ಮಶ್ರೀ ಪುರಸ್ಕಾರ ಪಡೆದಿದ್ದಾರೆ’ ಅನ್ನೋದು ಸಂಗತಿ, ಅದು ಹೆಸರಿನ ಭಾಗ ಅಲ್ಲ. ನನ್ನ ಓದಿನ ಪ್ರಕಾರ ಅದಕ್ಕೆ ಅಡ್ಡಿ ಬರಬಾರದು. ಬೇರೆ ವಕೀಲರು ಇದನ್ನೂ ಬೇಡ ಅನ್ನಬಹುದು.

ಇನ್ನೊಂದು, ಹಿರಿಯರ ಒಪ್ಪಿಗೆ ಕೇಳಿದ್ದೀರಾ? ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀ ಬೇಡ ಅಂದರು. ಗಾಯಕಿ ಎಸ್. ಜಾನಕಿ 2013ರಲ್ಲಿ ಪದ್ಮಭೂಷಣ ಒಪ್ಪಲಿಲ್ಲ. ಶಿವರಾಮ ಕಾರಂತರು ಬಂದದ್ದನ್ನೇ ತುರ್ತು ಪರಿಸ್ಥಿತಿ ವಿರೋಧಿಸಿ ವಾಪಸ್ ಕೊಟ್ಟರು. ಊರವರ ಉತ್ಸಾಹಕ್ಕೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ.

ಬಯಲುಸೀಮೆ ಬಸಣ್ಣ
ಒಪ್ಪಿಗೆ ಇದೆ, ಮಗನೇ ಮುಂದೆ ನಿಂತಿದ್ದಾನೆ. ಸಹಿ ಅಭಿಯಾನ ನಾವು ನಿಲ್ಲಿಸಲ್ಲ. ಆದರೆ ಹಾಳೆಯಲ್ಲಿ ಬರೀ ಸಹಿ ಬೇಡ, ‘ಆಟ ಎಲ್ಲಿ, ಯಾವ ವರ್ಷ ನೋಡಿದಿರಿ, ಇವರ ಹತ್ತಿರ ಕಲಿತವರು ಯಾರು ಗೊತ್ತು’ ಅಂತ ಎರಡು ಕಾಲಂ ಹಾಕಿಸ್ತೀವಿ. ಸಹಿ ದೆಹಲಿಗೆ ಬೇಡವಾದರೂ ಮೇಡಂ ಕೇಳಿದ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತೆ. ಒಂದು ತೊಡಕು: ಆಧಾರ್‌ನಲ್ಲಿರೋ ಹೆಸರು ಬೇರೆ, ಜನ ಕರೆಯೋದು ಬೇರೆ. ಯಾವುದು ಹಾಕೋದು?

ಕಡತಪ್ರಿಯ
ಆ ಕಾಲಂ ಉಪಾಯ ಚೆನ್ನಾಗಿದೆ. ಹೆಸರು ಆಧಾರ್‌ನಲ್ಲಿದ್ದ ಹಾಗೇ ಹಾಕಿ. ಆಯ್ಕೆಗೆ ಮುನ್ನ ಪೂರ್ವಾಪರದ ಪರಿಶೀಲನೆ ನಡೆಯುತ್ತೆ, ಹೆಸರು ವಿಳಾಸ ತಾಳೆ ಆಗದಿದ್ದರೆ ತೊಂದರೆ. ಜನ ಕರೆಯುವ ಹೆಸರನ್ನು 800 ಪದದ ಮೊದಲ ಸಾಲಲ್ಲೇ ಬರೆಯಿರಿ, ಇಲ್ಲದಿದ್ದರೆ ಪತ್ರಿಕೆ ತುಣುಕಿನಲ್ಲಿರೋದು ಬೇರೆ ಯಾರೋ ಅಂದುಕೊಳ್ತಾರೆ. ಮೊಬೈಲ್ ನಂಬರ್ ಮಗನದು ಕೊಡಿ, ಜನವರಿ ಪೂರ್ತಿ ಫೋನ್ ಆನ್ ಇರಲಿ. ಗಣರಾಜ್ಯೋತ್ಸವದ ಮುನ್ನಾದಿನ ಪಟ್ಟಿ ಬರುತ್ತೆ. ಈ ಸಲ ಆಗದಿದ್ದರೆ ಮುಂದಿನ ಸಲ ಪೋರ್ಟಲ್ ತೆರೆದಾಗ ಹೊಸ ಸಾಕ್ಷಿ ಸೇರಿಸಿ ಮತ್ತೆ ಹಾಕಿ.