ಸಹಾಯ ಬೇಕು: ಮೇಲಿನ ಸ್ವರದಲ್ಲಿ ದನಿ ಒಡೆಯುವವರಿಗೆ ಏನು ಮಾಡಿಸಬೇಕು?

ಕಾಲೇಜಿನ ಮೊದಲ ಸೆಮಿಸ್ಟರ್‌ನ ಗಾಯನ ತರಗತಿ. 14 ಜನ, ವಾರಕ್ಕೆ 2 ಸಲ, 50 ನಿಮಿಷ. ಎಲ್ಲರೂ ಹೊಸಬರು. ಹುಡುಗರಲ್ಲಿ ಐದಾರು ಮಂದಿಗೆ ಪಿಯಾನೊದ ಮಧ್ಯ ಸಿ ಮೇಲಿನ ಇ, ಎಫ್ ಸ್ವರಗಳ ಹತ್ತಿರ ಬಂದ ಕೂಡಲೇ ದನಿ ಒಡೆಯುತ್ತದೆ. ಕಾರಣ ಗೊತ್ತಿರುವುದೇ: ಎದೆದನಿಯ (ಮಾತಾಡುವಾಗಿನ ದಪ್ಪ ದನಿ) ಭಾರವನ್ನು ಹಾಗೇ ಮೇಲಕ್ಕೆ ಹೊತ್ತೊಯ್ಯುತ್ತಾರೆ. ಗದ್ದ ಎತ್ತುತ್ತಾರೆ, ಧ್ವನಿಪೆಟ್ಟಿಗೆ ಮೇಲೇರುತ್ತದೆ, ಉಸಿರಿನ ಒತ್ತಡ ಹೆಚ್ಚುತ್ತದೆ, ಆಮೇಲೆ ತಟ್ಟನೆ ಕಳ್ಳಕಂಠಕ್ಕೆ (ಫಾಲ್ಸೆಟೊ, ತೆಳುವಾದ ಮೇಲುದನಿ) ಜಾರುತ್ತಾರೆ.

ಸದ್ಯ ಮೊದಲ 5 ನಿಮಿಷ ತುಟಿಯನ್ನು ಪುರ್ರ್ ಎನ್ನಿಸುತ್ತಾ ಪ-ಮ-ಗ-ರಿ-ಸ ಇಳಿಕೆ, ಪ್ರತಿ ಸಲ ಅರ್ಧ ಸ್ವರ ಏರಿಸುತ್ತಾ. ನಂತರ ಸ್ಟ್ರಾ: ಲೋಟದ ನೀರಲ್ಲಿ 2-3 ಸೆಂ.ಮೀ. ಮುಳುಗಿಸಿ ‘ಊ’ ಎಂದು ಸೈರನ್‌ನಂತೆ ಏರಿಳಿಸುವುದು. ಗುಳ್ಳೆ ಒಂದೇ ಸಮ ಬರಬೇಕು. ನಿಂತರೆ ಉಸಿರು ಕಡಿದಿದೆ, ಕುದಿನೀರಿನಂತೆ ಉಕ್ಕಿದರೆ ಒತ್ತಡ ಜಾಸ್ತಿ. ಇಲ್ಲಿಯವರೆಗೆ ಎಲ್ಲ ಸರಿ. ‘ಆ’ ಎಂದು ಬಾಯಿ ತೆರೆದರೆ ಸಾಕು, ಮಾಡಿದ್ದೆಲ್ಲ ನೀರುಪಾಲು! ‘ಆ’ವನ್ನು ‘ಓ’ ಕಡೆಗೆ ತುಸು ದುಂಡಗೆ ಮಾಡಿಸಿದಾಗ ಇಬ್ಬರಿಗೆ ಹಿಡಿತ ಸಿಕ್ಕಿತು. ಉಳಿದವರು ನಾಲಿಗೆ ಹಿಂದಕ್ಕೆಳೆದು ಆಕಳಿಸಿದ ಹಾಗೆ ಹಾಡುತ್ತಾರೆ.

ಸ್ಟ್ರಾದಿಂದ ಬಾಯ್ದೆರೆದ ಸ್ವರಕ್ಕೆ ದಾಟಿಸಲು ನಡುವೆ ಏನು ಕೊಡುತ್ತೀರಿ? ‘ಙ್’ ಹಿಡಿದು ‘ಊ’ಗೆ ಬಿಡಿಸುವುದೋ, ಕೆಳತುಟಿಗೆ ಹಲ್ಲು ತಾಗಿಸಿ ‘ವ್ವ್’ ಎಂದು ಗುಂಯ್‌ಗುಡಿಸುವುದೋ? ಎಷ್ಟು ವಾರ? ಇನ್ನೊಂದು: ಹುಡುಗಿಯರ ದನಿ ಬದಲಾಗುವ ಜಾಗ ಬೇರೆ, ಒಂದೇ ಶ್ರುತಿಯಲ್ಲಿ ಎಲ್ಲರಿಗೂ ಮಾಡಿಸಿದರೆ ಅರ್ಧ ಜನಕ್ಕೆ ಉಪಯೋಗವಿಲ್ಲ. ಗುಂಪು ಹೇಗೆ ಒಡೆಯುತ್ತೀರಿ?

‘ಗಂಟಲು ಸಡಿಲ ಬಿಡಿ’ ಎನ್ನುವ ಸಲಹೆ ಮಾತ್ರ ಬೇಡ. ಹಾಗೆಂದ ಕೂಡಲೇ ಇನ್ನಷ್ಟು ಬಿಗಿಯುತ್ತಾರೆ.