ಜಪಾನಿ ಭಾಷೆಯಲ್ಲಿ "ಎಲ್ಲಕ್ಕಿಂತ" ಅನ್ನೋದು ಹೇಗೆ? ದೊರೆ, ನನಿ, ದೊಚಿರ ಯಾವಾಗ ಯಾವುದು?

ಕಬ್ಬಿನಗದ್ದೆ_ಮಂಡ್ಯ ಕೇಳಿದ್ದು:
ಜಪಾನಿ ಭಾಷಾ ಪರೀಕ್ಷೆಯ ಮೊದಲ ಹಂತ, ಎನ್5 ಮಟ್ಟದ ಪಾಠ ನಡೀತಿದೆ. "ಹಣ್ಣುಗಳಲ್ಲಿ ನಿಮಗೆ ಯಾವುದು ಎಲ್ಲಕ್ಕಿಂತ ಇಷ್ಟ?", "ಕಾಫಿ, ಟೀ, ಜ್ಯೂಸ್ ಮೂರರಲ್ಲಿ ಯಾವುದು?", "ಇಡ್ಲಿ, ದೋಸೆ ಎರಡರಲ್ಲಿ ಯಾವುದು?" ಮೂರಕ್ಕೂ ಕನ್ನಡದಲ್ಲಿ "ಯಾವುದು" ಅಂದ್ರೆ ಸಾಕು. ಜಪಾನಿಯಲ್ಲಿ ಮೂರೂ ಬೇರೆ ಬೇರೆ ಅಂತಾರಲ್ಲ, ಗುರುತು ಹಿಡಿಯೋದು ಹೇಗೆ? "ನೋ ನಾಕಾ ದೇ" (ಇವುಗಳಲ್ಲಿ) ಎಲ್ಲ ಕಡೆ ಬೇಕಾ? "ಎಲ್ಲಕ್ಕಿಂತ" ಅನ್ನೋ ಇಚಿಬನ್ ವಾಕ್ಯದಲ್ಲಿ ಎಲ್ಲಿ ಕೂರುತ್ತೆ?

ಒಂಟಿಕೊಪ್ಪಲ್_ಕಾಂಜಿ ಉತ್ತರ:
ಮೊದಲು ಉಚ್ಚಾರ ಸರಿ ಮಾಡ್ಕೊಳ್ಳಿ. ಅದು "ನೊ ನಕ ದೆ", ಎಲ್ಲವೂ ಹ್ರಸ್ವ. ಕನ್ನಡ ಲಿಪಿಯಲ್ಲಿ ಎ-ಏ, ಒ-ಓ ಎರಡೂ ಇರೋದರಿಂದ ನಮಗೆ ಇದು ಸಲೀಸು, ಆ ಅನುಕೂಲ ಕಳ್ಕೋಬೇಡಿ. ಒಬಸನ್ ಅಂದ್ರೆ ಚಿಕ್ಕಮ್ಮ-ಅತ್ತೆ ವಯಸ್ಸಿನವರು, ಒಬಾಸನ್ ಅಂದ್ರೆ ಅಜ್ಜಿ.

ಈಗ ನಿಮ್ಮ ಪ್ರಶ್ನೆ. ಬಾಯಿಗೆ "ಯಾವುದು" ಬಂದ ತಕ್ಷಣ, ಆಯ್ಕೆಗೆ ಎದುರಿಗೆ ಏನೇನಿದೆ ಅಂತ ನೋಡಿ. "ಹಣ್ಣು", "ಆಟ" ಅಂತ ಇಡೀ ಜಾತಿ ಹೇಳಿ ಬಿಟ್ಟಿದ್ರೆ ನನಿ. ಕುದಮೊನೊ ನೊ ನಕ ದೆ ನನಿ ಗ ಇಚಿಬನ್ ಸುಕಿ ದೆಸ್ ಕ. ಮೂರು ಅಥವಾ ಹೆಚ್ಚು ವಸ್ತುಗಳನ್ನ ಹೆಸರು ಹಿಡಿದು ಎಣಿಸಿದ್ರೆ, ಇಲ್ಲಾ ಮೇಜಿನ ಮೇಲೆ ಕಣ್ಣೆದುರು ಇದ್ರೆ ದೊರೆ. ಕೋಹೀ ತೊ ಕೋಚ ತೊ ಜೂಸು ನೊ ನಕ ದೆ ದೊರೆ ಗ ಇಚಿಬನ್ ಸುಕಿ ದೆಸ್ ಕ. (ಅರಮನೆ ಊರಿನವರಿಗೆ ದೊರೆ ಅನ್ನೋ ಪದ ಮರೆಯೋದು ಕಷ್ಟ ಬಿಡಿ.) ದೊರೆ ಒಂಟಿಯಾಗಿ ನಿಲ್ಲುತ್ತೆ. ಪಕ್ಕದಲ್ಲಿ ನಾಮಪದ ಬಂದ್ರೆ ದೊನೊ ಆಗುತ್ತೆ: ದೊನೊ ಕಿಸೆತ್ಸು ಗ, ಯಾವ ಋತು. "ದೊರೆ ಕಿಸೆತ್ಸು" ತಪ್ಪು.

ವಸ್ತುವಲ್ಲದೆ ಜನ ಆದ್ರೆ ದರೆ, ಜಾಗ ಆದ್ರೆ ದೊಕೊ, ಕಾಲ ಆದ್ರೆ ಇತ್ಸು. ಕ್ಯೋತೊ, ನರ, ಓಸಕ ಅಂತ ಪಟ್ಟಿ ಕೊಟ್ಟಿದ್ರೂ ಊರು ಊರೇ ತಾನೆ, ದೊಕೊ ಗ ಅನ್ನಿ.

ಎರಡೇ ಇದ್ದಾಗ ಮಾತ್ರ ಇಡೀ ಚೌಕಟ್ಟು ಬದಲಾಗುತ್ತೆ. ಇಚಿಬನ್ ಇಲ್ಲ, ನೊ ನಕ ದೆ ಇಲ್ಲ. ಇದೊರೀ ತೊ ದೋಸ ತೊ, ದೊಚಿರ ಗ ಸುಕಿ ದೆಸ್ ಕ. ಉತ್ತರ: ದೋಸ ನೊ ಹೋ ಗ ಸುಕಿ ದೆಸ್. ಹೋ ದೀರ್ಘ. ಎರಡೂ ಇಷ್ಟ ಅಂದ್ರೆ ದೊಚಿರ ಮೊ ಸುಕಿ ದೆಸ್. ಜನ, ಜಾಗ, ಕಾಲ ಏನೇ ಆಗಲಿ, ಎರಡಿದ್ರೆ ದೊಚಿರ ಒಂದೇ ಸಾಕು. ನಮ್ಮ "ಇಡ್ಲಿಗಿಂತ"ದ "ಗಿಂತ" ಜಾಗದಲ್ಲಿ ಯೊರಿ ಕೂರುತ್ತೆ, ಅದೂ ನಾಮಪದದ ಬೆನ್ನಿಗೇ: ಇದೊರೀ ಯೊರಿ ದೋಸ ನೊ ಹೋ ಗ ಸುಕಿ ದೆಸ್.

ಪಶ್ಚಿಮವಾಹಿನಿ_ರೈಲು ಉತ್ತರ:
ಮೇಲಿನವರು ಹೇಳಿದ್ದು ಸರಿ. "ನೊ ನಕ" ವಿಚಾರ ಸೇರಿಸ್ತೀನಿ. ಊರು, ರಾಜ್ಯ, ದೇಶ, ಪ್ರಪಂಚ ಅಂತ ಜಾಗದ ಎಲ್ಲೆ ಹೇಳುವಾಗ ಬರೀ ದೆ ಸಾಕು. ನಿಹೊನ್ ದೆ ಇಚಿಬನ್ ತಕಯ್ ಯಮ ವ ಫುಜಿಸನ್ ದೆಸ್ (ಜಪಾನಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಫುಜಿ, 3,776 ಮೀಟರ್). ಕರುನಾತಕ ದೆ ಅಂತ ಶುರು ಮಾಡಿ ಮುಳ್ಳಯ್ಯನಗಿರಿ ಹೆಸರು ಹಾಕಿದ್ರೆ ನಮ್ಮ ರಾಜ್ಯದ್ದೂ ರೆಡಿ. ಇಚಿನೆನ್ ದೆ (ವರ್ಷದಲ್ಲಿ), ಕುರಸು ದೆ (ಕ್ಲಾಸಲ್ಲಿ) ಕೂಡ ನಡೆಯುತ್ತೆ. ವಸ್ತುಗಳ ಗುಂಪು ಅಥವಾ ಹೆಸರುಗಳ ಪಟ್ಟಿ ಇದ್ರೆ ನೊ ನಕ ದೆ ಹಾಕಿ.

ಇಂಥ ಪ್ರಶ್ನೆಗಳಲ್ಲಿ ಪ್ರಶ್ನಾಪದದ ನಂತರ ಗ. "ನನಿ ವ ಇಚಿಬನ್" ಅನ್ನೋದೇ ಇಲ್ಲ. ಉತ್ತರದಲ್ಲೂ ಅದೇ ಗ ಉಳಿಸಿ. ಮಯ್ಸೋರು ದೆ ದೊಕೊ ಗ ಇಚಿಬನ್ ನಿಗಿಯಕ ದೆಸ್ ಕ (ಮೈಸೂರಲ್ಲಿ ಎಲ್ಲಕ್ಕಿಂತ ಗಿಜಿಗುಡೋ ಜಾಗ ಯಾವುದು) ಅಂತ ಕೇಳಿದ್ರೆ, ದೇವರಾಜ ಮಾಕೆತ್ತೊ ಗ ಇಚಿಬನ್ ನಿಗಿಯಕ ದೆಸ್. "ಕ್ಲಾಸಲ್ಲಿ ಯಾರು ಎಲ್ಲರಿಗಿಂತ ಎತ್ತರ" ಅನ್ನೋದಕ್ಕೆ ಎರಡು ಗ ಬರುತ್ತೆ, ಗಾಬರಿ ಬೇಡ: ಕುರಸು ದೆ ದರೆ ಗ ಇಚಿಬನ್ ಸೆ ಗ ತಕಯ್ ದೆಸ್ ಕ.

ಕನ್ನಡದವರು ಜಾರೋ ಜಾಗ "ನನಗೆ ಇಷ್ಟ". ನಾವು ಚತುರ್ಥಿ ಹಾಕ್ತೀವಿ, ಅದನ್ನೇ ಹೊತ್ಕೊಂಡು ಹೋಗಿ "ವತಶಿ ನಿ" ಅಂದುಬಿಡ್ತಾರೆ. ಅಲ್ಲಿ ವತಶಿ ವ. ದೋಸೆಗೆ ನಮ್ಮ "ಅನ್ನು" ಥರದ ಒ ಪ್ರತ್ಯಯವೂ ಬೇಡ, ಗ ಹಾಕಿ: ವತಶಿ ವ ದೋಸ ಗ ಇಚಿಬನ್ ಸುಕಿ ದೆಸ್.

ಕಬ್ಬಿನಗದ್ದೆ_ಮಂಡ್ಯ:
ಸ್ಪಷ್ಟವಾಯ್ತು ಸಾರ್. ಇನ್ನೆರಡು. "ಎಲ್ಲಕ್ಕಿಂತ ಕಡಿಮೆ ಬೆಲೆ" ಅನ್ನೋಕೆ ತಕಯ್‌ನ (ಎತ್ತರ, ದುಬಾರಿ) ನಿಷೇಧ ರೂಪಕ್ಕೆ ಇಚಿಬನ್ ಹಚ್ಚಬಹುದಾ? "ಜಾಸ್ತಿ ಇಷ್ಟ" ಅನ್ನೋಕೆ ಮೊತ್ತೊ ಆಗುತ್ತಾ?

ಒಂಟಿಕೊಪ್ಪಲ್_ಕಾಂಜಿ:
ಎರಡೂ ಆಗಲ್ಲ. "ಇಚಿಬನ್ ತಕಕುನಯ್" ಕೇಳೋಕೇ ವಿಚಿತ್ರ. ಎದುರು ಪದ ಹಿಡೀರಿ: ಇಚಿಬನ್ ಯಸುಯ್ (ಎಲ್ಲಕ್ಕಿಂತ ಅಗ್ಗ). ಸಂಖ್ಯೆ, ಪ್ರಮಾಣ ಕಡಿಮೆ ಇದ್ರೆ ಇಚಿಬನ್ ಸುಕುನಯ್. ಮೊತ್ತೊ ಅಂದ್ರೆ "ಇನ್ನೂ ಹೆಚ್ಚು", ತುದಿ ಮುಟ್ಟಲ್ಲ. ಮೊತ್ತೊಮೊ ಅಂತ ಇನ್ನೊಂದಿದೆ, ಅದು ಇಚಿಬನ್ ಅರ್ಥದ್ದೇ, ಆದ್ರೆ ಬರವಣಿಗೆಯ ಗಂಭೀರ ಪದ. ಹೋಟೆಲಲ್ಲಿ ಕೂತು ಅದನ್ನ ಆಡಿದ್ರೆ ವರದಿ ಓದಿದ ಹಾಗಿರುತ್ತೆ. ತೊತೆಮೊ ಬರೀ "ತುಂಬಾ", ಹೋಲಿಕೆ ಇಲ್ಲ.

ಇಚಿಬನ್ ಜಾಗ: ಗುಣವಾಚಕಕ್ಕೆ ಅಂಟಿಕೊಂಡು, ಅದರ ಮುಂಚೆ. ನಡುವೆ ನೊ ಬೇಡ. ನಾಮಪದ ಹಿಂಬಾಲಿಸಿದ್ರೆ ತಕಯ್ ಥರದವು ಹಾಗೇ ಇರ್ತವೆ, ಸುಕಿ, ನಿಗಿಯಕ ಥರದವಕ್ಕೆ ನ ಸೇರುತ್ತೆ: ಇಚಿಬನ್ ಸುಕಿ ನ ತಬೆಮೊನೊ (ಎಲ್ಲಕ್ಕಿಂತ ಇಷ್ಟದ ತಿನಿಸು). ತಬೆಮಸ್ (ತಿನ್ನು) ಥರದ ಕ್ರಿಯಾಪದಕ್ಕೆ ಸಾಮಾನ್ಯವಾಗಿ ನೇರ ಹಚ್ಚಲ್ಲ. "ಎಲ್ಲಕ್ಕಿಂತ ಹೆಚ್ಚು ಸಲ ತಿನ್ನೋದು" ಅಂದ್ರೆ ಇಚಿಬನ್ ಯೊಕು ತಬೆಮಸ್.

ಪಶ್ಚಿಮವಾಹಿನಿ_ರೈಲು:
ಭೂತಕಾಲ ಬಿಟ್ಟುಹೋಯ್ತು. ಇಚಿಬನ್ ಅಲ್ಲಾಡಲ್ಲ, ಗುಣವಾಚಕ ಮಾತ್ರ ಬದಲಾಗೋದು. ಇಚಿಬನ್ ಒಮೊಶಿರೊಕತ್ತ ದೆಸ್ (ಎಲ್ಲಕ್ಕಿಂತ ಮಜವಾಗಿತ್ತು) ಸರಿ, "ಒಮೊಶಿರೊಯ್ ದೆಶಿತ" ತಪ್ಪು. ಇಯ್ (ಚೆನ್ನಾಗಿದೆ) ಆದ್ರೆ ಯೊಕತ್ತ ದೆಸ್. ಸುಕಿ, ನಿಗಿಯಕ ಥರದವಕ್ಕೆ ಮಾತ್ರ ದೆಶಿತ. ಎರಡನೇ ಸ್ಥಾನ ಹೇಳೋಕೆ ನಿಬನ್‌ಮೆ ನಿ: ನಿಹೊನ್ ದೆ ನಿಬನ್‌ಮೆ ನಿ ತಕಯ್ ಯಮ ವ ಕಿತದಕೆ ದೆಸ್ (3,193 ಮೀಟರ್). ಈ ನಿ ಬಿಡಬೇಡಿ, ಇಚಿಬನ್‌ಗೆ ಅದು ಬೇಕಿಲ್ಲ. ಇನ್ನು ಇಚಿನೆನ್ ದೆ ಇತ್ಸು ಗ ಇಚಿಬನ್ ಅತ್ಸುಯ್ ದೆಸ್ ಕ (ವರ್ಷದಲ್ಲಿ ಯಾವಾಗ ಎಲ್ಲಕ್ಕಿಂತ ಸೆಖೆ) ಅಂದ್ರೆ ನಮ್ಮ ಕಡೆ ಉತ್ತರ ಏಪ್ರಿಲ್. ಅದು ಶಿಗತ್ಸು, ಯೊನ್‌ಗತ್ಸು ಅಲ್ಲ.