ಸಹಾಯ ಬೇಕು: ಮೂರು ಪಿಸ್ಟನ್ ಮೇಲೆ 0.50, ನಾಲ್ಕನೆಯದರ ಮೇಲೆ ಬರೀ 2

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ಬಿಚ್ಚಿಟ್ಟಿದ್ದೇನೆ. ಸ್ಟ್ಯಾಂಡರ್ಡ್ ಬೋರ್ (ಸಿಲಿಂಡರಿನ ಒಳವ್ಯಾಸ) 75.00 ಮಿ.ಮೀ. ಪಿಸ್ಟನ್ ತಲೆಯ ಕಾರ್ಬನ್ ಡೀಸೆಲ್‌ನಲ್ಲಿ ನೆನೆಸಿ ಮರದ ಚೂರಿನಿಂದ ಕೆರೆದೆ (ವೈರ್ ಬ್ರಷ್ ಹಾಕಿದರೆ ಗುರುತೇ ಅಳಿಸಿಹೋಗುತ್ತೆ). ಮೂರರಲ್ಲಿ ಬಾಣದ ಪಕ್ಕ 0.50 (ಅಂದರೆ ಸ್ಟ್ಯಾಂಡರ್ಡ್‌ಗಿಂತ ಅರ್ಧ ಮಿ.ಮೀ. ದೊಡ್ಡ ಸೈಜ್) ಇದೆ, ನಾಲ್ಕನೆಯದರಲ್ಲಿ ಬಾಣ ಮತ್ತು 2 ಅಷ್ಟೇ. ಒಳಗಿನ ಎರಕದ ನಂಬರ್ ಅಚ್ಚಿನದ್ದು, ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.

ಪಿಸ್ಟನ್ ಪಿನ್‌ಗೆ ಅಡ್ಡಲಾಗಿ ಸ್ಕರ್ಟ್‌ಗೆ (ಪಿಸ್ಟನ್ನಿನ ಕೆಳಭಾಗದ ಗೋಡೆ) ಮೈಕ್ರೋಮೀಟರ್ ಹಿಡಿದರೆ ನಾಲ್ಕೂ 75.46. ಬೋರ್ ಗೇಜ್ 75.51 ತೋರಿಸುತ್ತಿದೆ, ಅಂದರೆ ಪಿಸ್ಟನ್‌ಗೂ ಬೋರ್‌ಗೂ ನಡುವಿನ ಕ್ಲಿಯರೆನ್ಸ್ 0.05. ತೂಕಕ್ಕಿಟ್ಟಾಗ ಮಾತ್ರ ಆ ನಾಲ್ಕನೆಯದು 9 ಗ್ರಾಂ ಜಾಸ್ತಿ! ತಲೆ ಕೆಟ್ಟಿದ್ದು ಇಲ್ಲೇ.

ಈ 2 ಅನ್ನೋದು ಸೈಜ್ ಗ್ರೇಡೋ, ತೂಕದ ಗುಂಪೋ? ನಾಲ್ಕಕ್ಕೂ 0.50 ರಿಂಗ್ ಹಾಕಿ ಮುಂದುವರಿಯಬಹುದಾ, ಇಲ್ಲ ಆ ಒಂದು ಪಿಸ್ಟನ್ ಬದಲಿಸಲೇಬೇಕಾ?